ಮೇಷ್ಟ್ರು ಗೆದ್ದ ಮೇಯರ್ ಚುನಾವಣೆ

ಚುನಾವಣೆಗಳ ಸಹವಾಸ ಸಾಕಾಗಿ ಸಮುದ್ರ ದಾಟಿ ಮಗಳ ಮನೆಗೆ ಬಂದವನು ನಾನು. ಸ್ಕೂಲಿನ ಮೆಟ್ಟಿಲು ಹತ್ತದಿದ್ದರೂ ಊರಲ್ಲಿ ಹನ್ನೊಂದು ಪಂಚಾಯ್ತಿ ಚುನಾವಣೆ ಒಬ್ಬನೇ ಗೆಲ್ಲಿಸಿದ್ದೆ. ಇಲ್ಲಾದರೂ ಕಾಲು ಚಾಚಿ ಕೂರೋಣ ಅಂದರೆ ನ್ಯೂಜೆರ್ಸಿಯಲ್ಲೂ ಬಿಡಲಿಲ್ಲ.

೧. ಮಾತಿಲ್ಲದ ಪಾತ್ರ

ಮಾರಿಸ್‌ಟೌನ್ ಪಕ್ಕದ ಮಗಳ ಊರಲ್ಲಿ ಚರಿತ್ರೆಯ ಸಂಘ ಒಂದಿದೆ. ಕುದುರೆಗಾಡಿ ಕಾಲದಲ್ಲಿ ಇಲ್ಲಿ ನಡೆದ ಮೇಯರ್ ಚುನಾವಣೆಯನ್ನ ಪ್ರತಿ ಬೇಸಿಗೆ ಪಾರ್ಕಿನಲ್ಲಿ ನಾಟಕ ಆಡ್ತಾರೆ. ಹೆಂಡದಂಗಡಿಯವನಿಗೂ ಸ್ಕೂಲ್ ಮೇಷ್ಟ್ರಿಗೂ ಪೈಪೋಟಿ. ಇಬ್ಬರಿಗೂ ಒಂದೊಂದು ಮೇಜು, ಮೇಲೊಂದು ಡಬ್ಬ; ನೋಡಲು ಬಂದವರೇ ಬೇಕಾದವರ ಡಬ್ಬಕ್ಕೆ ಚೀಟಿ ಹಾಕಬೇಕು. ಹೆಂಡದಂಗಡಿಯವನು ಪುಕ್ಕಟೆ ನಿಂಬೆ ಪಾನಕ ಕೊಡೋದರಿಂದ ಪ್ರತಿ ಸಲ ಅವನೇ ಗೆಲ್ತಾನೆ. ಚರಿತ್ರೆಯಲ್ಲೂ ಗೆದ್ದವನು ಅವನೇ.

ಈ ಸಲ ನಾಟಕ ಮಾಡಿಸುವ ಕೆಲಸ ಮೊದಲ ಬಾರಿಗೆ ನನ್ನ ಮಗಳಿಗೆ ಸಿಕ್ಕಿತ್ತು. ಎಡವಟ್ಟಾದರೆ ಮತ್ತೆ ಕೊಡೋಲ್ಲ ಅಂತ ನಿದ್ದೆಗೆಟ್ಟಿದ್ದಳು.

"ಅಪ್ಪ, ನೀವು ಕಳ್ಳ ವೋಟು ಹಾಕೋರು. ಡೈಲಾಗ್ ಇಲ್ಲ."

"ಹನ್ನೊಂದು ಚುನಾವಣೆ ಗೆಲ್ಲಿಸಿದವನಿಗೆ ಡೈಲಾಗ್ ಇಲ್ಲವೇನೇ?"

"ಅದಕ್ಕೇ ಇಲ್ಲ."

೨. ಹಲ್ಲುನೋವು

ಆ ಕಾಲದ ಕಳ್ಳ ವೋಟು ಹೀಗಂತೆ: ಗಡ್ಡ ಇಟ್ಟುಕೊಂಡು ಒಂದು, ಗಡ್ಡ ಬೋಳಿಸಿ ಇನ್ನೊಂದು, ಮೀಸೆನೂ ತೆಗೆದು ಮತ್ತೊಂದು. ಅಂಟಿಸಿದ ಗಡ್ಡ ಕಿತ್ತೆ. ಮೀಸೆ ಮಾತ್ರ ಸ್ವಂತದ್ದು, ಮೂರು ತಾಲೂಕಿಗೆ ಹೆಸರಾದದ್ದು. ಅದನ್ನ ಬೋಳಿಸೋ ಮಾತೇ ಇಲ್ಲ; ಮೂರನೇ ಚೀಟಿಗೆ ಟವೆಲಲ್ಲಿ ಬಾಯಿ ಮುಚ್ಚಿ, ಹಲ್ಲುನೋವು ಅಂತ ನರಳುತ್ತಾ ಹೋದೆ. ಚೀಟಿ ಕೊಡುವ ಗುಮಾಸ್ತನ ವೇಷದಲ್ಲಿದ್ದವರು ನಿಜಕ್ಕೂ ಡೆಂಟಿಸ್ಟು. ನಾಟಕ ಮರೆತು ಟವೆಲ್ ಸರಿಸಿ ಬಾಯಿ ತೆರೆಸಿದರು. ಎರಡು ಹುಳುಕು ಹಲ್ಲು ಸಿಕ್ಕವು. ಮಂಗಳವಾರ ಹತ್ತೂವರೆಗೆ ಅಪಾಯಿಂಟ್‌ಮೆಂಟ್.

೩. ಮರದ ನೆರಳು

ಪಾತ್ರಧಾರಿಗಳ ಊಟಕ್ಕೆ ಬಿಸಿಬೇಳೆಬಾತ್ ನಾನೇ ಮಾಡಿದ್ದೆ. ಮರಿಯಾನೆ ಇಳಿದು ಸ್ನಾನ ಮಾಡುವಷ್ಟು ದೊಡ್ಡ ಪಾತ್ರೆ. ಬಿಸಿಲಲ್ಲಿ ಹೊತ್ತು ಸುಸ್ತಾಗಿ, ಮೇಷ್ಟ್ರ ಮೇಜಿನ ಪಕ್ಕ ನೆರಳು ಕಂಡು ಅಲ್ಲೇ ಇಳಿಸಿದೆ.

ಮಗಳ ನಾಟಕ ಅಂತ ಐಸೆಲಿನ್ ಕಡೆಯಿಂದ ನಮ್ಮ ಕನ್ನಡದವರು ತುಂಬಾ ಜನ ಬಂದಿದ್ದರು. ಮುಚ್ಚಳ ತೆಗೆದದ್ದೇ ತಡ, ಸಾಲು ನಿಂತರು. ಅನ್ನ ಹಾಕಿದವರ ಎದುರಿಗೇ ಇನ್ನೊಬ್ಬನಿಗೆ ವೋಟು ಹಾಕುವ ಜನವೇ ನಾವು? ತಿಂದರು, ಮೇಷ್ಟ್ರ ಡಬ್ಬಕ್ಕೆ ಚೀಟಿ ಹಾಕಿದರು. ಅವರ ಹಿಂದೆ ಅಮೆರಿಕದವರೂ. ಕೊನೆಗೆ ಹೆಂಡದಂಗಡಿಯವನೇ ಬಂದು, ಎರಡು ಸಲ ಬಡಿಸಿಕೊಂಡು, ತನ್ನ ಚೀಟಿಯನ್ನೂ ಮೇಷ್ಟ್ರಿಗೇ ಹಾಕಿ ಹೋದ.

೪. ಸೋಲಿನ ಭಾಷಣ

"ಅಪ್ಪ, ಮೇಷ್ಟ್ರು ಸೋಲಬೇಕಿತ್ತು. ನನ್ನ ಕಥೆ ಮುಗೀತು," ಅಂದಳು ಮಗಳು.

"ನಾನೇನು ಮಾಡಿದೆ ತಾಯಿ, ನೆರಳಲ್ಲಿ ಕೂತೆ ಅಷ್ಟೆ."

ಮೇಷ್ಟ್ರಿಗೆ ಸೋಲಿನ ಭಾಷಣ ಮಾತ್ರ ಬಾಯಿಪಾಠ. "ನಿಮ್ಮ ತೀರ್ಪಿಗೆ ತಲೆಬಾಗಿ ಮನೆಗೆ ಹೋಗುತ್ತೇನೆ" ಅಂದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ಬಂದರು. ಆ ಕಾಲದ ಮೇಷ್ಟ್ರ ಮರಿಮೊಮ್ಮಗಳಂತೆ. ಮಗಳು ನನ್ನ ಕೈ ಹಿಡಿದುಕೊಂಡಳು.

"ಪ್ರತಿ ವರ್ಷ ಬರ್ತೀನಿ, ಪ್ರತಿ ವರ್ಷ ನಮ್ಮ ಮುತ್ತಾತ ಸೋಲ್ತಾನೆ. ಇವತ್ತು ಹೊಟ್ಟೆ ತಣ್ಣಗಾಯ್ತು," ಅಂದವರೇ ಸಂಘದ ಅಧ್ಯಕ್ಷರ ಕಡೆ ತಿರುಗಿ, "ಮುಂದಿನ ವರ್ಷವೂ ಈ ಹುಡುಗಿಯೇ ಮಾಡಿಸಲಿ" ಅಂದರು. ಅಧ್ಯಕ್ಷರ ಬಾಯಲ್ಲಿ ತುತ್ತಿತ್ತು, ಹೂಂ ಅಂತ ತಲೆ ಆಡಿಸಿದರು.

ಮುದುಕಿ ನನ್ನನ್ನ ನೋಡಿ, ಇದನ್ನೆಲ್ಲ ಹೇಗೆ ಮಾಡಿದಿರಿ ಅಂತ ಕೇಳಿದರು. ಗಾಳಿ ಯಾವ ಕಡೆ ಬೀಸುತ್ತೆ, ಒಗ್ಗರಣೆಯ ಘಮ ಯಾವ ಸಾಲಿನ ಮೂಗಿಗೆ ಹೊಡೆಯಬೇಕು, ಎಲ್ಲ ಮೂರು ದಿನದಿಂದ ಯೋಚಿಸಿ, ಮರ ನೋಡಿ ಜಾಗ ಹಿಡಿದಿದ್ದೆ ಅಂತ ಕಾಲು ಗಂಟೆ ಕನ್ನಡದಲ್ಲಿ ವಿವರಿಸಿದೆ.

ಮಗಳು ಪೂರ್ತಿ ಕೇಳಿಸಿಕೊಂಡು, ಇಂಗ್ಲಿಷಿನಲ್ಲಿ ಅವರಿಗೆ ಹೇಳಿದಳು: "ಹಿ ವಾಸ್ ಟಯರ್ಡ್."