ಆರತಿ ಬರ್ಲಿ ಅಂದರೆ ಟ್ರೇಲರ್ ಬಂತು!

ಊರಿಗೆ ಇನ್ನೂ ಟಿ.ವಿ. ಬಂದಿರದ ಕಾಲ. ಅಂದು ಮುಂಜಾನೆ ಕುಬಿಹಾಳದ ನಮ್ಮ ಮಾವನವರ ಮನೆ ಮುಂದೆ ಇದ್ದವರು: ಮಾವನವರು, ನನ್ನ ಹೆಂಡತಿ ಗಂಗವ್ವ, ಹೊಸ ರುಮಾಲು ಸುತ್ತಿದ ಮದುಮಗ ಅಂದರೆ ಅವಳ ತಮ್ಮ ಈರಪ್ಪ, ಮೂವತ್ತು ಮಂದಿ ನಂಟರು, ನಾನು ಮತ್ತು ನನ್ನ ಲಾರಿ.

ದಂಡಿನವರು ಬಿಟ್ಟ, ಗುಜರಿಯಲ್ಲಿ ಕೋಳಿಗಳು ಕಾವು ಕೂತಿದ್ದ ಲಾರಿ ಅದು. ಅದನ್ನೂ ಅದರ ಜೋಡಿ ಟ್ರೇಲರನ್ನೂ ತಂದು, ಎರಡು ವರ್ಷ ರಿಪೇರಿ ಮಾಡಿ, ಎರಡಕ್ಕೂ ಒಂದೇ ಹಸಿರು ಬಣ್ಣ ಬಳಿದಿದ್ದೆ. ಬಾಜು ಹಲಗೆಗಳಿಲ್ಲದೆ ಎರಡೂ ಮಂಚದಂತೆ ಸಪಾಟು. ಸುತ್ತ ಹಗ್ಗ ಕಟ್ಟಿ, ಟ್ರೇಲರಿನ ನಡುವೆ ಕುರ್ಚಿ ಹಾಕಿ ಮದುಮಗನನ್ನು ಕೂರಿಸಿದ್ದೆ.

"ಬಸ್ ಮಾಡೂಣ್ರಿ," ಅಂದಳು ಗಂಗವ್ವ. "ಹತ್ತೂವರಿಗೆ ಅಕ್ಕಿಕಾಳು. ಮುಹೂರ್ತ ತಪ್ಪಿದ್ರ ನಾ ತವರಮನ್ಯಾಗ ಮಾರಿ ಹೆಂಗ ತೋರಸ್ಲಿ?"

"ಬಸ್ ಯಾರ್ ಬೇಕಾದ್ರೂ ಮಾಡ್ತಾರ. ಹಿಂಗ ಟ್ರೇಲರ್ ಹಚ್ಚಿ ನಿಬ್ಬಣ ಒಯ್ದವರು ಯಾರದಾರ?"

"ಯಾರೂ ಇಲ್ರಿ. ಅದಕ್ಕ ಅಂಜಿಕಿ."

ಶಲವಡಿಯವರೆಗೆ ಮದುಮಗನ ರುಮಾಲೂ ಅಲುಗಲಿಲ್ಲ! ಹೆಣ್ಣಿನ ಮನೆಯ ಹಂದರ ಎಡಕ್ಕೆ ಕಂಡಿತು. ಬ್ರೇಕು ಒತ್ತಿದೆ. ಲಾರಿಯದು ಸಮಾಧಾನದ ಸ್ವಭಾವ. ಹಂದರ ದಾಟಿ, ನಾಲ್ಕು ಮನೆ ಮುಂದೆ ಹೋಗಿ ನಿಂತಿತು.

ಇಲ್ಲಿ ಒಂದು ಸತ್ಯವನ್ನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ. ಟ್ರೇಲರ್ ಹಚ್ಚಿ ಹಿಂದೆ ಸರಿಯುವುದನ್ನು ನಾನು ಕಲಿತಿರಲಿಲ್ಲ. ಮುಂದೆ ಹೋಗುವುದೇ ನನ್ನ ಧ್ಯೇಯವಾಗಿತ್ತು.

ಮಂದಿಯೆಲ್ಲ ಇಳಿದರು. ಮದುಮಗ ಮಾತ್ರ ಆರತಿ ಆಗುವವರೆಗೆ ಇಳಿಯುವಂತಿಲ್ಲ. ಮಾವನವರು ಹಿಂದೆ ನಿಂತು, "ಆರತಿ ಬರ್ಲಿ! ಬರ್ಲಿ, ಬರ್ಲಿ!" ಎಂದು ಬೀಗರಿಗೆ ಕೂಗಿದರು. ಸನಾದಿಯ ಸದ್ದಿನಲ್ಲಿ 'ಆರತಿ' ಮುಳುಗಿತು. 'ಬರ್ಲಿ, ಬರ್ಲಿ' ಮಾತ್ರ ನನ್ನ ಕಿವಿ ಮುಟ್ಟಿತು. ಲಾರಿ ಹಿಂದೆ ಸರಿಯುವಾಗ ಕ್ಲೀನರುಗಳು ಕೂಗುವುದೂ ಇದನ್ನೇ ಅಲ್ಲವೇ?

ಬಂದೆ!

ಸ್ಟೇರಿಂಗ್ ಬಲಕ್ಕೆ ತಿರುವಿದೆ. ಟ್ರೇಲರ್ ಎಡಕ್ಕೆ ಹೊರಟಿತು. ಇನ್ನಷ್ಟು ಬಲಕ್ಕೆ ತಿರುವಿದೆ; ಅದು ಇನ್ನಷ್ಟು ಎಡಕ್ಕೆ!

"ಅಳಿಯಂದ್ರ, ನಿಂದರ್ರಿ!" ಎಂದು ಮಾವನವರು ಚೀರಿದರು. "ನಿಂದರ್ರಿ ಅಂತೀನಿ! ನಿಂದರಲೇ!"

ನನ್ನ ಮದುವೆಯಾದಾಗಿನಿಂದ ಅವರು ನನಗೆ 'ಲೇ' ಅಂದದ್ದು ಅದೇ ಮೊದಲು.

ಮಂದಿ ಚದುರಿದರು. ಹಂದರದ ಕಂಬಗಳು ಸಾವಕಾಶ ವಾಲಿ, ಬಟ್ಟೆ, ತೋರಣ, ಬಾಳೆಗಿಡ ಸಮೇತ ಟ್ರೇಲರಿನ ಮೇಲೆ ಬಂದು ಕುಳಿತವು. ಯಾರಿಗೂ ಪೆಟ್ಟಾಗಲಿಲ್ಲ. ಬಟ್ಟೆಯೊಳಗಿಂದ ಒಂದು ರುಮಾಲು ಹೊರಬಂತು.

"ಮಾಮಾ, ಈಗರ ಇಳೀಲೇನ್ರಿ?"

ಮುಹೂರ್ತಕ್ಕೆ ಹತ್ತೇ ನಿಮಿಷ. ಗಂಗವ್ವ ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಗ ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಕನ್ನಡಕ ಏರಿಸಿ ಟ್ರೇಲರನ್ನು ನೋಡಿದರು. "ಹಂದರ ಮ್ಯಾಲೈತಿ. ಮದುಮಗಾನೂ ಮ್ಯಾಲದಾನ. ಇನ್ನ ಮದುಮಗಳನ್ನ ಹತ್ತಸ್ರಿ, ಮುಗೀತು!"

ನಾಲ್ಕು ಮಂದಿ ಕಂಬ ಎತ್ತಿ ಹಿಡಿದರು. ಹತ್ತೂವರೆಗೆ ಸರಿಯಾಗಿ ಟ್ರೇಲರಿನ ಮೇಲೆ ಅಕ್ಕಿಕಾಳು ಬಿದ್ದವು. ಹಿಂದೆ ಕೂತ ಮುದುಕಿಯರಿಗೂ ತಾಳಿ ಕಟ್ಟುವುದು ಅಗದಿ ಚಂದ ಕಂಡಿತು. ಗಂಗವ್ವ ನಕ್ಕೇಬಿಟ್ಟಳು.

ತಿಂಗಳಾದ ಮೇಲೆ ತಿರ್ಲಾಪುರದ ಒಬ್ಬ ಹಿರಿಯರು ಮನೆಗೆ ಬಂದರು.

"ಮಗಳ ಮದುವಿಗೆ ನಿಮ್ಮ ಟ್ರೇಲರ್ ಬೇಕ್ರಿ."

ಎದೆ ಉಬ್ಬಿತು. "ಲಾರಿ?"

"ಬ್ಯಾಡ್ರಿ. ಟ್ರ್ಯಾಕ್ಟರ್ ತಂದೀನಿ."

"ನಾ ಬರ್ತೀನಿ..."

ಅವರು ಎರಡೂ ಕೈ ಜೋಡಿಸಿದರು. "ಊಟಕ್ಕ ಬರ್ರಿ. ಬಸ್ಸಿನ್ಯಾಗ."

ಹಂಗೇ ಹೋದೆವು. ನಿಲ್ದಾಣದಲ್ಲಿ ಬಸ್ಸು ಹಿಂದೆ ಸರಿಯುವಾಗ ಕಂಡಕ್ಟರ್ "ಬರ್ಲಿ, ಬರ್ಲಿ" ಅಂದ. ಗಂಗವ್ವ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು.