ಬಸ್ ಉಳಿಸಲು ಹೊರಟ ಮೂವತ್ತನಾಲ್ಕು ಬೈಕುಗಳು

ಜನ ಹತ್ತದ ಬಸ್ಸು ನಿಂತುಹೋಗುತ್ತದೆ. ಇದನ್ನು ತಿಳಿಯಲು ಸರ್ಕಾರದ ಸುತ್ತೋಲೆ ಬೇಕಾಗಿಲ್ಲ. ಹಿಂಡದೆ ಬಿಟ್ಟ ಎಮ್ಮೆ ಬತ್ತುತ್ತದೆ ಎಂದು ಗೊತ್ತಿರುವ ಯಾರಿಗಾದರೂ ಇದೂ ಗೊತ್ತಿರಬೇಕು. ಆದರೆ ಹರಪನಹಳ್ಳಿಯ ಅರಸೀಕೆರೆ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಒಂದು ಊರಿನಲ್ಲಿ (ಹೆಸರು ಹೇಳಿದರೆ ಸುತ್ತಲಿನ ಹತ್ತು ಊರಿನವರು "ಸದ್ಯ, ನಮ್ಮದಲ್ಲ" ಎಂದು ನೆಮ್ಮದಿಪಡುತ್ತಾರೆ, ಆ ನೆಮ್ಮದಿಗೆ ಅವರು ಯೋಗ್ಯರಲ್ಲ) ಎಮ್ಮೆಗಳೆಲ್ಲ ಹೊತ್ತಿಗೆ ಸರಿಯಾಗಿ ಹಿಂಡಿಸಿಕೊಳ್ಳುತ್ತಿದ್ದವು. ಬೆಳಗಿನ ಏಳೂವರೆಯ ಬಸ್ಸು ಮಾತ್ರ ಬತ್ತುತ್ತ ಬಂದಿತ್ತು.

ಆ ಊರಿನ ಶಾಲಾ ಸಮಿತಿಯ ಅಧ್ಯಕ್ಷ ಕೊಟ್ರಬಸಪ್ಪನಿಗೆ ನಾಲ್ಕು ಎಕರೆ ಮೆಕ್ಕೆಜೋಳ, ಒಬ್ಬ ಹೆಂಡತಿ ಮತ್ತು ಒಂದು ಬೈಕು ಇದ್ದವು. ಮೂರರಲ್ಲಿ ದಿನವೂ ಎದ್ದ ಕೂಡಲೇ ತಾನಾಗಿ ಹೋಗಿ ಮಾತಾಡಿಸುತ್ತಿದ್ದುದು ಬೈಕನ್ನು. ಹಾಲಿನ ಡೇರಿ ಮನೆಯಿಂದ ಇನ್ನೂರು ಹೆಜ್ಜೆ, ಅಲ್ಲಿಗೆ ಬೈಕು. ಚಹಾದಂಗಡಿ ಡೇರಿಯ ಎದುರಿಗೇ ಇತ್ತು, ಅಲ್ಲಿಗೂ ಬೈಕು. ಅಂಗಡಿಯ ಮುಂದೆ ಗಾಡಿ ಬಂದ್ ಮಾಡುವ ಪದ್ಧತಿ ಇರಲಿಲ್ಲ, ಬಂದ್ ಮಾಡಿದರೆ ಮತ್ತೆ ಕಿಕ್ ಹೊಡೆಯಬೇಕಲ್ಲ ಎಂಬ ದೂರದೃಷ್ಟಿ. ಮಾಲೀಕ ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಗಾಡಿಯೂ ಹೊರಗೆ ನಿಂತು ತನ್ನ ಪಾಲಿನದನ್ನು ಕುಡಿಯುತ್ತಿತ್ತು. ವರ್ಷಕ್ಕೊಮ್ಮೆ ಕೊಟ್ಟೂರಿಗೆ ಬರಿಗಾಲಲ್ಲಿ ನಡೆದುಹೋಗಿ, ಅಂಗಾಲಿನ ಬೊಬ್ಬೆಗಳನ್ನು ಪದಕಗಳ ಹಾಗೆ ಊರಿಗೆಲ್ಲ ತೋರಿಸುತ್ತಿದ್ದವನೂ ಇವನೇ. ದೇವರ ಕಡೆಗೆ ನಡೆಯಲು ಕಾಲುಗಳಿದ್ದವು, ಹಾಲಿನ ಕಡೆಗೆ ನಡೆಯಲು ಇರಲಿಲ್ಲ. ಇಂಥ ಬೈಕುಗಳು ಊರಿನಲ್ಲಿ ಅರವತ್ತಿದ್ದವು, ಇಂಥ ಕಾಲುಗಳು ಅದರ ಎರಡರಷ್ಟು.

ಹೆಂಡತಿ ಪಕ್ಕೀರಮ್ಮ ಹರಪನಹಳ್ಳಿಯ ಒಂದು ಹಾಸ್ಟೆಲ್ಲಿನಲ್ಲಿ ಮಧ್ಯಾಹ್ನದ ಅಡುಗೆಯವಳು. ಏಳೂವರೆಯ ಬಸ್ಸಿದ್ದರೆ ಅವಳಿಗೆ ಕೆಲಸ, ಇಲ್ಲವಾದರೆ ಇಲ್ಲ. ಅವಳ ಜೊತೆಗೆ ಕಾಲೇಜಿಗೆ ಹೋಗುವ ಎಂಟು ಹುಡುಗಿಯರು, ಆಸ್ಪತ್ರೆಗೋ ಸಂತೆಗೋ ಹೊರಟ ನಾಲ್ಕೈದು ಹೆಂಗಸರು. ದಿನಕ್ಕೆ ಹದಿನಾಲ್ಕು ಮಂದಿ ಎಂದಿಟ್ಟುಕೊಳ್ಳಿ. ಗಂಡಸರು ಬಸ್ಸು ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅಪ್ಪಿತಪ್ಪಿ ಹತ್ತಿದವನನ್ನು ಊರು ಎರಡೇ ಪ್ರಶ್ನೆ ಕೇಳುತ್ತಿತ್ತು: ಗಾಡಿ ಕೆಟ್ಟಿದೆಯೋ, ಮೈ ಕೆಟ್ಟಿದೆಯೋ?

ಒಂದು ಶನಿವಾರ ಸಂಜೆ ಪಕ್ಕೀರಮ್ಮ ಕಂಡಕ್ಟರ್ ಹೇಳಿದ ಸುದ್ದಿಯನ್ನು ಮನೆಗೆ ತಂದಳು. ಸೋಮವಾರದಿಂದ ಆರು ದಿನ ಡಿಪೋದವರು ಜನ ಎಣಿಸುತ್ತಾರಂತೆ. ಈ ಊರಿನಿಂದ ದಿನಕ್ಕೆ ಹದಿನೈದರಂತೆ, ಆರು ದಿನಕ್ಕೆ ತೊಂಬತ್ತು ಮಂದಿ ಹತ್ತದಿದ್ದರೆ ಬಸ್ಸು ಇನ್ನು ಒಳಗೆ ಬರುವುದಿಲ್ಲ, ದೊಡ್ಡ ರಸ್ತೆಯಲ್ಲೇ ನೆಟ್ಟಗೆ ಹೋಗುತ್ತದೆ. ಹೇಳಿದವಳು ಪರಿಹಾರವನ್ನೂ ಹೇಳಿಬಿಟ್ಟಳು. ಅದು ಎಷ್ಟು ಚಿಕ್ಕದಾಗಿತ್ತೆಂದರೆ ಕೊಟ್ರಬಸಪ್ಪನಿಗೆ ಅವಮಾನವಾಯಿತು.

"ಒಂದು ವಾರ ನೀವು ನನ್ನ ಜೊತಿ ಬಸ್ಸಿಗೆ ಬರ್ರಿ. ಹೆಂಗೂ ದಿನಾ ಹರಪನಹಳ್ಳಿಗೆ ಹೋಗ್ತೀರಿ. ಕಿಡಕಿ ಸೀಟು ನಿಮಗ ಬಿಟ್ಟುಕೊಡ್ತೀನಿ."

ಊರಿನ ಇಷ್ಟು ದೊಡ್ಡ ಸಮಸ್ಯೆ ಅಧ್ಯಕ್ಷನೊಬ್ಬ ಕಿಟಕಿಯ ಪಕ್ಕ ಕುಳಿತಮಾತ್ರಕ್ಕೆ ಬಗೆಹರಿಯುವುದೆಂದರೆ ಏನರ್ಥ? ಹಾಗಾದರೆ ಅಧ್ಯಕ್ಷನೇ ಏಕೆ ಬೇಕು, ಯಾರು ಕುಳಿತರೂ ಆದೀತಲ್ಲ? ಇಂಧನ, ಪರಿಸರ, ಗ್ರಾಮೀಣ ಸಾರಿಗೆ ಇವೆಲ್ಲ ಸಂಘಟನೆಯ ವಿಷಯ, ಅದಕ್ಕೊಂದು ಮನವಿಪತ್ರ ಬೇಕು, ಬ್ಯಾನರ್ ಬೇಕು, ಜನಶಕ್ತಿ ಬೇಕು ಎಂದು ಅವನು ಅನ್ನದ ತಟ್ಟೆಯ ಮುಂದೆ ಕಾಲು ಗಂಟೆ ವಿವರಿಸಿದ.

"ಇದು ಹೋರಾಟದಿಂದ ಆಗೋ ಕೆಲಸ. ನಿನಗ ತಿಳಿಯಂಗಿಲ್ಲ."

"ಹತ್ತೋದು ಬಿಟ್ಟು ಹೋರಾಟ ಮಾಡೋದು ನನಗ ತಿಳಿಯಂಗಿಲ್ಲ, ಬಿಡ್ರಿ," ಎಂದು ಪಕ್ಕೀರಮ್ಮ ಸಾರಿನ ಪಾತ್ರೆ ಮುಚ್ಚಿಟ್ಟಳು. ಅವನು ಎರಡನೆಯ ಸಲ ಸಾರು ಕೇಳುವವನಿದ್ದ, ಕೇಳಲಿಲ್ಲ.

ಮನವಿಪತ್ರಕ್ಕೆ ಮೂರು ದಿನ ಹಿಡಿಯಿತು. "ಭೂತಾಯಿಯ ಒಡಲು ಬಗೆದು ತೆಗೆದ ಪ್ರತಿಯೊಂದು ಹನಿ ಇಂಧನವೂ ನಮ್ಮ ಮಕ್ಕಳಿಂದ ಪಡೆದ ಕಡ" ಎಂದು ಅದು ಆರಂಭವಾಗುತ್ತಿತ್ತು. ಬರೆದ ದಿನ ಕೊಟ್ರಬಸಪ್ಪನ ಕಣ್ಣಲ್ಲಿ ನಿಜವಾಗಿ ನೀರಾಡಿತು. ಅದನ್ನು ಟೈಪ್ ಮಾಡಿಸಲು ಬೈಕಿನಲ್ಲಿ ಹರಪನಹಳ್ಳಿಗೆ ಹೋಗಿಬಂದ. ‘ಮಿತವ್ಯಯ’ ತಪ್ಪಾಗಿ ಬಿದ್ದಿತ್ತು. ತಿದ್ದಿಸಲು ಮತ್ತೆ ಹೋದ. ಮೂರನೆಯ ಸಲ ಹೋದದ್ದು ನಾಲ್ಕು ಜೆರಾಕ್ಸ್ ಪ್ರತಿಗೆ. ಮೂರು ಸಲವೂ ದಾರಿಯಲ್ಲಿ ಅದೇ ಬಸ್ಸನ್ನು ದಾಟಿಯೇ ಮುಂದೆ ಹೋದ.

ಇತ್ತ ಪಕ್ಕೀರಮ್ಮ ಸೋಮವಾರದಿಂದ ಬಸ್ಸಿಗೆ ಜನ ಕೂಡಿಸುವುದರಲ್ಲಿದ್ದಳು. ಮುದುಕಿ ಹಂಪಕ್ಕನ ಕಣ್ಣು ತಪಾಸಣೆ ಮುಂದಿನ ತಿಂಗಳಿಗಿತ್ತು. ಅದನ್ನು ಈ ವಾರಕ್ಕೆ ತಂದಳು. ಹಂಪಕ್ಕ ತನಗೆ ಎಲ್ಲ ಚೆನ್ನಾಗಿ ಕಾಣುತ್ತಿದೆ ಎಂದರೂ ಬಿಡಲಿಲ್ಲ, ಮಂಗಳವಾರ ಒಂದು ಕಣ್ಣು, ಗುರುವಾರ ಇನ್ನೊಂದು ಕಣ್ಣು ಎಂದು ಎರಡು ಸಲ ಹತ್ತಿಸಿದಳು. ಹೀಗೆ ಎಳೆದಾಡಿ ದಿನಕ್ಕೆ ಹದಿನಾಲ್ಕಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡಳು. ಮೇಲೇರಿಸಲು ಗಂಡಸರು ಬೇಕಿತ್ತು. ಗಂಡಸರು ಸಭೆಯಲ್ಲಿದ್ದರು.

ಸಭೆ ಗುರುವಾರ ಶಾಲೆಯ ಅಂಗಳದಲ್ಲಿ ನಡೆಯಿತು. ಎಣಿಕೆಯ ಕೊನೆಯ ದಿನವಾದ ಶನಿವಾರವೇ ಇಡೀ ಊರು ಹರಪನಹಳ್ಳಿ ಡಿಪೋಕ್ಕೆ ಹೋಗಿ ಮನವಿ ಕೊಡಬೇಕು, ಕೊನೆಯ ದಿನ ಒತ್ತಡ ಬಿದ್ದರೇ ಅಧಿಕಾರಿಗಳು ಬಗ್ಗುತ್ತಾರೆ ಎಂದು ತೀರ್ಮಾನವಾಯಿತು. ಆಗ ಹಿಂದೆ ಕುಳಿತಿದ್ದ ನೂರಸಾಬ ಕೈಯೆತ್ತಿದ. ಊರಿನ ಬೈಕುಗಳನ್ನೆಲ್ಲ ರಿಪೇರಿ ಮಾಡುವವನು ಅವನೇ. ಅವು ಓಡಿದಷ್ಟೂ ಅವನಿಗೆ ಕೆಲಸ.

"ಕೊಟ್ರಬಸಣ್ಣ, ಬಸ್ ಬೇಕು ಅಂತ ಕೇಳಾಕ ಬಸ್ಸಿನಾಗ ಹೋದ್ರ ಚಲೋ ಅಲ್ಲೇನು?"

ಸಭೆ ನಕ್ಕಿತು. ಬಸ್ಸಿನೊಳಗೆ ಕುಳಿತ ಜನಶಕ್ತಿ ಹೊರಗಿನವರಿಗೆ ಕಾಣುವುದೆಂತು, ಬ್ಯಾನರ್ ಹಿಡಿಯುವುದೆಲ್ಲಿ, ಘೋಷಣೆ ಕೂಗಿದರೆ ಡ್ರೈವರ್ ಬಯ್ಯುವುದಿಲ್ಲವೇ ಎಂದು ಹಲವರು ಹಲವು ತೊಡಕು ಎತ್ತಿದರು. ಬೈಕ್ ರ್‍ಯಾಲಿ ಎಂದಾಯಿತು. ಹೆಂಗಸರು ಇದ್ದರೆ ತೂಕ ಹೆಚ್ಚು ಎಂದು ಕೊಟ್ರಬಸಪ್ಪ ಸೇರಿಸಿದ. ಬಸ್ಸಿನ ನಿಜವಾದ ಫಲಾನುಭವಿಗಳಾದ ಹೆಣ್ಣುಮಕ್ಕಳೆಲ್ಲ ಅಂದು ಬೈಕಿನ ಹಿಂದಿನ ಸೀಟಿನಲ್ಲಿ ಫಲಕ ಹಿಡಿದು ಬರತಕ್ಕದ್ದು. ನೂರಸಾಬ ಮತ್ತೆ ಕೈಯೆತ್ತಲಿಲ್ಲ. ಶುಕ್ರವಾರವಿಡೀ ಚೈನು ಬಿಗಿಮಾಡುತ್ತ ಕುಳಿತ.

ಶನಿವಾರ ಬೆಳಿಗ್ಗೆ ಏಳೂಕಾಲಿಗೆ ಮೂವತ್ತನಾಲ್ಕು ಬೈಕುಗಳ ಮೇಲೆ ಅರವತ್ತೊಂದು ಜನ ಹೊರಟರು. ಮುಂದಿನ ಬೈಕು ಕೊಟ್ರಬಸಪ್ಪನದು. ಎರಡನೆಯದರಿಂದ ಮೂರನೆಯದಕ್ಕೆ ಕಟ್ಟಿದ ಬ್ಯಾನರಿನಲ್ಲಿ "ಪೆಟ್ರೋಲ್ ಉಳಿಸಿ, ಪರಿಸರ ಉಳಿಸಿ, ನಮ್ಮ ಬಸ್ ಉಳಿಸಿ" ಎಂದಿತ್ತು. ಹೊಗೆಗೆ ಅದರ ಕೆಳಗಿನ ಸಾಲು ದೊಡ್ಡ ರಸ್ತೆ ಸೇರುವ ಮೊದಲೇ ಮಸುಕಾಗಿತ್ತು. ಊರಿಗೆ ಹೊರಟ ಬಸ್ಸು ಎದುರಿಗೆ ಸಿಕ್ಕಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ನಿಲ್ಲಿ, ಹತ್ತಿ ಎಂದು ಸನ್ನೆ ಮಾಡಿದ. ಸಾರಿಗೆ ನೌಕರರ ಬೆಂಬಲವೂ ಸಿಕ್ಕಿತೆಂದು ತಿಳಿದ ಜನ ಉತ್ಸಾಹದಿಂದ ಅವನಿಗೆ ಕೈ ಬೀಸಿದರು. ಕೊಟ್ರಬಸಪ್ಪ ಮುಷ್ಟಿಯನ್ನೇ ಎತ್ತಿ ತೋರಿಸಿದ.

ಡಿಪೋದ ಅಧಿಕಾರಿ ಮರ್ಯಾದಸ್ಥ. ಎಲ್ಲರಿಗೂ ನೀರು ಕೊಡಿಸಿ, ಎರಡು ಪುಟದ ಮನವಿಯನ್ನು ಒಂದಕ್ಷರ ಬಿಡದೆ ಓದಿದ. ಭಾಷೆ ಬಹಳ ಚೆನ್ನಾಗಿದೆ ಎಂದ. ಕೊಟ್ರಬಸಪ್ಪ ತಲೆ ಬಾಗಿಸಿ ಒಪ್ಪಿಕೊಂಡ. ಆಮೇಲೆ ಅಧಿಕಾರಿ ಕನ್ನಡಕ ತೆಗೆದು, ಇಷ್ಟು ಜನ ಹೇಗೆ ಬಂದಿರಿ ಎಂದು ಕೇಳಿದ. ಕೇಳಿದ್ದು ಕುಶಲ ವಿಚಾರಿಸುವಂತೆ, ಮೆಲ್ಲಗೆ. ಹೊರಗೆ ಎರಡು ಬೈಕುಗಳು ಬಂದ್ ಆಗದೆ ಗುಡುಗುತ್ತಿದ್ದುದು ಒಳಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಒಳಗೆ ಬಂದು ದಿನದ ಹಾಳೆಯನ್ನು ಮೇಜಿನ ಮೇಲಿಟ್ಟ. ಅಧಿಕಾರಿ ಅದನ್ನು ಕೊಟ್ರಬಸಪ್ಪನ ಕಡೆಗೆ ತಿರುಗಿಸಿದ.

"ಐದು ದಿನಕ್ಕೆ ಎಪ್ಪತ್ತೊಂದು ಜನ ಆಗಿದ್ದರು. ಇವತ್ತು ಹತ್ತೊಂಬತ್ತು ಜನ ಹತ್ತಿದ್ದರೆ ಸಾಕಿತ್ತು, ನೀವು ಈ ಅರ್ಜಿ ತರುವ ಅಗತ್ಯವೇ ಇರಲಿಲ್ಲ. ಹತ್ತಿದ್ದು ಒಬ್ಬರು."

ಆ ಒಬ್ಬರು ಯಾರೆಂದು ಕೊಟ್ರಬಸಪ್ಪ ಕೇಳಬೇಕಾಗಿರಲಿಲ್ಲ. ಕೈಯಲ್ಲಿ ಊಟದ ಡಬ್ಬಿ ಹಿಡಿದು ಪಕ್ಕೀರಮ್ಮ ಬಸ್ಸಿನಿಂದ ಇಳಿದು, ಮೂವತ್ತನಾಲ್ಕು ಬೈಕುಗಳ ನಡುವೆ ದಾರಿ ಮಾಡಿಕೊಂಡು, ಆ ಕಡೆ ಈ ಕಡೆ ನೋಡದೆ ಹಾಸ್ಟೆಲ್ಲಿಗೆ ನಡೆದುಹೋಗುತ್ತಿದ್ದಳು. ಮನವಿಯನ್ನು ಮೇಲಿನವರಿಗೆ ಕಳಿಸುವುದಾಗಿ ಅಧಿಕಾರಿ ಮಾತು ಕೊಟ್ಟ. ಹಾಳೆಯನ್ನೂ ಕಳಿಸಬೇಕಿತ್ತು. ಹಾಳೆ ಮೊದಲು ತಲುಪಿತು.

ಬಸ್ಸು ಊರೊಳಗೆ ಬರುವುದು ಒಂದನೇ ತಾರೀಖಿನಿಂದ ನಿಂತಿತು. ಹಿಂದಿನ ಸಂಜೆ ಕೊಟ್ರಬಸಪ್ಪ ತಪ್ಪೊಪ್ಪಿಗೆಯ ಧ್ವನಿಯಲ್ಲಿ, ಇನ್ನು ಮೇಲೆ ದಿನವೂ ತಾನೇ ಗಾಡಿಯಲ್ಲಿ ಬಿಟ್ಟು ಬರುವುದಾಗಿ ಹೆಂಡತಿಗೆ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನನ್ನ ಒಬ್ಬಾಕಿನ್ನ ಬಿಡ್ತೀರಿ. ಆ ಎಂಟು ಹುಡುಗ್ಯಾರನ್ನ ಯಾರು ಬಿಡ್ತಾರ? ಬಸ್ಸಿಲ್ಲಂದ್ರ ಕಾಲೇಜ್ ಸಾಕು ಅಂತ ಅವರ ಅಪ್ಪಂದಿರು ಆಗಲೇ ಅನ್ನಾಕತ್ಯಾರ. ನಿಮ್ಮ ರ್‍ಯಾಲಿಗೆ ಬಂದಿದ್ದ ಅಪ್ಪಂದಿರ."

ಎರಡು ಪುಟ ಬರೆದವನು ಎದ್ದು ಹೊರಗೆ ಹೋಗಿ ಬೈಕು ಒರೆಸತೊಡಗಿದ.

ಮರುದಿನ ಆರೂವರೆಗೆ ಪಕ್ಕೀರಮ್ಮ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆದುಕೊಂಡು ದೊಡ್ಡ ರಸ್ತೆಯ ಕಡೆಗೆ ನಡೆದಳು. ಎಂಟರಲ್ಲಿ ಬಂದವರು ಆರು. ಇನ್ನಿಬ್ಬರ ಮನೆಯ ಬಾಗಿಲು ತೆರೆದಿತ್ತು, ಅಪ್ಪಂದಿರ ಬೈಕು ಹೊರಗೆ ನಿಂತಿತ್ತು, ಹುಡುಗಿಯರು ಅಂಗಳ ಗುಡಿಸುತ್ತಿದ್ದರು.

ಜಾಲಿ ಬೆಳೆದ ದಾರಿ, ಒಂಟಿ ಹೆಣ್ಣುಮಕ್ಕಳು, ಕಾವಲಿಗೆ ಒಬ್ಬ ಗಂಡಸಾದರೂ ಬೇಡವೇ ಎಂದು ಕೊಟ್ರಬಸಪ್ಪ ಬೈಕು ತೆಗೆದು ಹಿಂದೆ ಹೊರಟ. ನಡೆಯುವವರ ಹಿಂದೆ ಬೈಕು ಫಸ್ಟ್ ಗೇರಿನಲ್ಲೇ ಹೋಗಬೇಕು. ಅದು ಕೆಮ್ಮುತ್ತ, ಕುಡಿಯುತ್ತ, ಹೊಗೆಯುಗುಳುತ್ತ ಒಂದು ಕಿಲೋಮೀಟರ್ ತೆವಳಿತು. ಗಾಳಿ ಹಿಂದಿನಿಂದ ಬೀಸುತ್ತಿತ್ತು, ಹೊಗೆಯೆಲ್ಲ ಮುಂದೆ ನಡೆಯುವವರ ಮೇಲೆ ಬರುತ್ತಿತ್ತು. ಹುಡುಗಿಯರು ಸೆರಗು, ದುಪಟ್ಟಾ ಮೂಗಿಗೆ ಹಿಡಿದರು. ಪಕ್ಕೀರಮ್ಮ ನಿಂತು ತಿರುಗಿದಳು.

"ಅದನ್ನ ಬಂದ್ ಮಾಡ್ರಿ. ಮಕ್ಕಳಿಗೆ ಉಸಿರಾಡಾಕ ಆಗವಲ್ದು."

ಅವನು ಬಂದ್ ಮಾಡಿದ. ಉಳಿದ ಎರಡು ಕಿಲೋಮೀಟರ್ ಶಾಲಾ ಸಮಿತಿಯ ಅಧ್ಯಕ್ಷರು ನೂರಿಪ್ಪತ್ತು ಕಿಲೋ ತೂಕದ ಬೈಕನ್ನು ಕೈಯಿಂದ ನೂಕುತ್ತ, ಬೆವರು ಸುರಿಸುತ್ತ, ಆರು ಹುಡುಗಿಯರ ಹಿಂದೆ ಮೆರವಣಿಗೆ ಬಂದರು. ಯಾರೂ ನಗಲಿಲ್ಲ. ನಗುವಷ್ಟು ಹೊತ್ತು ಅವರಿಗಿರಲಿಲ್ಲ, ಬಸ್ಸು ತಪ್ಪುವ ಹಾಗಿತ್ತು.

ಬಸ್ಸು ಬಂತು. ಹುಡುಗಿಯರು ಹತ್ತಿದರು, ಪಕ್ಕೀರಮ್ಮ ಹತ್ತಿದಳು. ಕಂಡಕ್ಟರ್ ಬಾಗಿಲು ಹಿಡಿದು, ಬರ್ರಿ ಯಜಮಾನ್ರೆ, ಒಳಗ ಜಾಗ ಐತಿ ಎಂದು ಕರೆದ. ಕೊಟ್ರಬಸಪ್ಪನಿಗೆ ಅಂದು, ಆ ವಯಸ್ಸಿನಲ್ಲಿ, ನಿಜವಾಗಿಯೂ ಹತ್ತಬೇಕೆನಿಸಿತು. ಆದರೆ ಬೈಕನ್ನು ರಸ್ತೆಯಲ್ಲಿ ಯಾರ ಕೈಗೆ ಕೊಟ್ಟು ಹತ್ತುವುದು? ಅದರ ಹ್ಯಾಂಡಲ್ ಹಿಡಿದುಕೊಂಡೇ ನಿಂತ. ಬಸ್ಸು ಅವನನ್ನು ಬಿಟ್ಟು ಹೋಯಿತು.

ನಿಮ್ಮ ಊರಿಗೆ ಇವತ್ತಿಗೂ ಒಂದು ಬಸ್ಸು ಬರುತ್ತಿದ್ದರೆ ಅರ್ಜಿ ಬರೆಯಬೇಡಿ, ಸಭೆ ಕರೆಯಬೇಡಿ, ಪರಿಸರದ ಬಗ್ಗೆ ಯಾರಿಗೂ ಭಾಷಣ ಮಾಡಬೇಡಿ. ನಾಳೆ ಬೆಳಿಗ್ಗೆ ಗಾಡಿಯನ್ನು ಮನೆಯಲ್ಲೇ ಬಿಟ್ಟು ಹೋಗಿ ನಿಲ್ಲಿ. ಬಸ್ಸು ಬಂದಾಗ ಹತ್ತಿ.