ಸರದಾರನ ಮೇವು

ಸರದಾರ ಬೆಳಿಗ್ಗೆ ಬಕೆಟ್ಟಿಗೆ ಮೂತಿ ಹಾಕಿ, ಒಮ್ಮೆ ಮೂಸಿ, ಮುಖ ತಿರುಗಿಸಿಕೊಂಡಿತು. ಶಂಭುಲಿಂಗನ ಆ ದಿನದ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಸರದಾರ ಅಂದರೆ ಕುದುರೆ. ಶಂಭುಲಿಂಗ ಅಂದರೆ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಒಳಗೆ ಬಿಡುವ, ಹೊರಗೆ ಬಿಡುವ ಕೆಲಸದವನು. ವಾರವೆಲ್ಲ ಸೀನಿ ಸೀನಿ ಸುಸ್ತಾಗಿ, ಭಾನುವಾರವಾದರೂ ಕಾಲು ಚಾಚಿ ಮಲಗಬೇಕೆಂದು ಮದುವೆಯಾದಾಗಿನಿಂದ ಅಂದುಕೊಳ್ಳುತ್ತಿರುವ ಮನುಷ್ಯ. ಈ ಭಾನುವಾರವೂ ಅದು ಆಗುವಂತಿರಲಿಲ್ಲ. ಸಂಜೆ ಮೇಡ್ಲೇರಿಯಲ್ಲಿ ಕುದುರೆ ಗಾಡಿ ಓಟದ ಪಂದ್ಯವಿತ್ತು.

ಸರದಾರನ ಓಟದ ಬಗ್ಗೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಅದು ಓಟ ಶುರುಮಾಡುವ ಹೊತ್ತಿನ ಬಗ್ಗೆ. ನಿಶಾನಿಯ ಬಾವುಟ ಬೀಳುವ ಮೊದಲೇ ಅದು ಹಾರಿಬಿಡುತ್ತಿತ್ತು. ಹೋದ ವರ್ಷ ಹಾಗೆ ಹಾರುವಾಗ ಪಂಚರ ಮೇಜು, ಮೇಜಿನ ಮೇಲಿನ ಶರಬತ್ತು, ಶರಬತ್ತು ಕುಡಿಯುತ್ತಿದ್ದ ಇಬ್ಬರು ಹಿರಿಯರು ಎಲ್ಲವನ್ನೂ ಕೆಡವಿತ್ತು. ಅದಕ್ಕೇ ಪಂದ್ಯದ ಕಮಿಟಿಯ ಮುಖ್ಯಸ್ಥ ಕಲ್ಲೇಶ ಈ ಸಲ ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದ.

“ಶಂಭಣ್ಣ, ಈ ಸಲನೂ ನಿಶಾನಿಗಿಂತ ಮೊದಲ ಓಡಿತಂದ್ರ, ಇನ್ಮ್ಯಾಲ ಯಾವ ಪಂದ್ಯಕ್ಕೂ ನಿನ್ನ ಕುದುರಿ ತಗೊಳ್ಳಂಗಿಲ್ಲ ನೋಡು.”

ಇದನ್ನು ಪಕ್ಕದಲ್ಲೇ ನಿಂತು ಕೇಳಿದ ಹೆಂಡತಿ ನಿರ್ಮಲಾ ತನ್ನದೂ ಒಂದು ತೀರ್ಪು ಕೊಟ್ಟಿದ್ದಳು. “ಓಡಾಕ ಬಿಡದ ಕುದುರಿನ್ನ ಕಟಗೊಂಡು ಏನ್ ಮಾಡೂದ್ರಿ? ನಮ್ಮ ವಿಜಯಗ ಕೊಟ್ಟುಬಿಡೂಣು.”

ವಿಜಯಮಹಾಂತೇಶ ನಿರ್ಮಲಾಳ ತಮ್ಮ. ರಾಣೆಬೆನ್ನೂರಿನಲ್ಲಿ ಮದುಮಕ್ಕಳ ಮೆರವಣಿಗೆಗೆ ಕುದುರೆ ಕೊಡುವುದು ಅವನ ಧಂದೆ. ಸರದಾರನ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ಬಾಯಿ ಜೋರಿಲ್ಲದ ಶಂಭುಲಿಂಗ ಅಂದು ಹೂಂ ಎಂದುಬಿಟ್ಟಿದ್ದ. ಆಮೇಲೆ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವನು ಅವನು. ಅಂಥ ಸರದಾರ ತಲೆಗೆ ಜರಿಯ ತುರಾಯಿ ಕಟ್ಟಿಸಿಕೊಂಡು, ಪಟಾಕಿಗೆ ಬೆಚ್ಚಿಬೀಳುತ್ತ, ಬ್ಯಾಂಡಿನವರ ಹಿಂದೆ ನಿಂತಿರುವುದನ್ನು ನೆನೆದರೆ ಅವನು ಎದ್ದು ಅಂಗಳಕ್ಕೆ ಹೋಗಿ ಅದರ ಕೊರಳು ಸವರಿ ಬರುತ್ತಿದ್ದ.

ಪಶು ಆಸ್ಪತ್ರೆಯ ಡಾಕ್ಟರ್ ಸ್ನೇಹಾ ತಿಂಗಳ ಹಿಂದೆಯೇ ದಾರಿ ಹೇಳಿಕೊಟ್ಟಿದ್ದರು. “ಕಾಳು ಜಾಸ್ತಿ ಆದ್ರ ಕುದುರಿಗೆ ಹುರುಪು ಏರತೈತ್ರಿ. ಹುಲ್ಲು ಹೊಟ್ಟಿತುಂಬ ಹಾಕ್ರಿ, ಬೂಸಾದಾಗ ಒಂದೀಟು ಶೇಂಗಾ ಎಣ್ಣಿ ಕೂಡಸ್ರಿ. ಶಕ್ತಿನೂ ಬರತೈತಿ, ತಲಿನೂ ತಣ್ಣಗಿರತೈತಿ. ಆದ್ರ ಒಮ್ಮಿಗೇ ಬದಲಿ ಮಾಡಬ್ಯಾಡ್ರಿ, ದಿನಾ ಚೂರುಚೂರು.”

ಶಂಭುಲಿಂಗ ನಾಳೆಯಿಂದ ಶುರುಮಾಡೋಣ ಎಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ. ಹೀಗೆ ಅಂದುಕೊಳ್ಳುತ್ತಲೇ ಪಂದ್ಯದ ದಿನ ಬಂದಿತ್ತು. ಈಗ ಬೂಸಾ, ಎಣ್ಣೆ ಕಲಸಿ ಮುಂದಿಟ್ಟರೆ ಸರದಾರ ಹುಲ್ಲನ್ನಷ್ಟೇ ತಿಂದು ಬಕೆಟ್ಟನ್ನು ಮೂಸಿ ಬಿಟ್ಟಿತ್ತು.

“ನೀ ಮೊದಲ ತಿನ್ನಪಾ, ಅದು ಆಮ್ಯಾಲ ತಿಂತೈತಿ,” ಎಂದು ಗೋಡೆಯಾಚೆಯಿಂದ ಪಕ್ಕದ ಮನೆಯ ಭರಮವ್ವ ಕೂಗಿದಳು.

ಆಕೆ ಹೇಳಿದ್ದು ಸುಳ್ಳಲ್ಲ. ಮರಿಯಿದ್ದಾಗ ಹಾಲು ಬಿಸಿಯಿದೆಯೋ ಏನೋ ಎಂದು ಶಂಭುಲಿಂಗ ಮೊದಲು ತನ್ನ ನಾಲಿಗೆಗೆ ಹಚ್ಚಿಕೊಂಡು ಆಮೇಲೆ ಕುಡಿಸುತ್ತಿದ್ದ. ಅದೇ ರೂಢಿಯಾಗಿ, ಹೊಸದು ಏನೇ ಕೊಟ್ಟರೂ ಅವನು ಒಂದು ತುತ್ತು ತಿಂದು ತೋರಿಸದ ಹೊರತು ಸರದಾರ ಬಾಯಿ ತೆರೆಯುತ್ತಿರಲಿಲ್ಲ. ಓಣಿಗೆಲ್ಲ ಗೊತ್ತಿದ್ದ ಸಂಗತಿ ಇದು.

ಶಂಭುಲಿಂಗ ಒಂದು ತುತ್ತು ಬೂಸಾ ಬಾಯಿಗೆ ಹಾಕಿಕೊಂಡ. ಸರದಾರ ನೋಡಿತು. ಇನ್ನೊಂದು ತುತ್ತು ಹಾಕಿಕೊಂಡು, ಭಾಳ ರುಚಿಯಿದೆ ಎಂಬಂತೆ ತಲೆಯಾಡಿಸಿದ. ಸರದಾರ ಕಿವಿ ಅಲ್ಲಾಡಿಸಿತು, ಬಾಯಿ ತೆರೆಯಲಿಲ್ಲ.

ಅಷ್ಟರಲ್ಲಿ ಭರಮವ್ವ ಒಂದು ಬೋಗುಣಿ ಹಿಡಿದುಕೊಂಡು ಬಂದೇಬಿಟ್ಟಳು. “ಬೂಸಾ ಯಾರರೆ ತಿಂತಾರೇನೋ ತಮ್ಮಾ? ಹುರಳಿ ಕುದಸೇನಿ, ಬೆಲ್ಲ ಹಾಕೇನಿ. ನಮ್ಮಪ್ಪನ ಟಾಂಗಾ ಕುದುರಿ ಇದನ್ನ ತಿಂದು ಹಾವೇರಿ ಮಟ ಒಂದ ದಮ್ಮಿಗೆ ಹೋಗತಿತ್ತು.”

“ಯವ್ವಾ, ಡಾಕ್ಟರ್ ಬಾಯಾರು ಕಾಳು ಬ್ಯಾಡ ಅಂದಾರು…”

“ಆ ಹುಡುಗಿಗೇನ್ ಗೊತ್ತೈತಿ? ತಿನ್ನು, ತಿನ್ನು. ನೀ ತಿಂದ್ರ ಅದೂ ತಿಂತೈತಿ.”

ಹಿರಿಯರ ಮಾತು. ಶಂಭುಲಿಂಗ ತಿಂದ. ಆಕೆ ಕಣ್ಣು ತೆಗೆಯದೆ ನಿಂತಿದ್ದರಿಂದ ಅರ್ಧ ಬೋಗುಣಿ ತಿಂದ. ಸರದಾರ ಬಾಲದಿಂದ ನೊಣ ಓಡಿಸಿಕೊಳ್ಳುತ್ತ ನಿಂತಿತ್ತು.

ಆಮೇಲೆ ಬಂದವರು ಎದುರು ಮನೆಯ ಪರಮೇಶಪ್ಪ ಮಾಸ್ತರರು. ನಿವೃತ್ತಿಯಾದ ಮೇಲೆ ಅವರಿಗೆ ಕಲಿಸಲು ಉಳಿದಿದ್ದವನು ಶಂಭುಲಿಂಗ ಒಬ್ಬನೇ. ಕೈಯಲ್ಲಿ ಓಟ್ಸ್ ಪೊಟ್ಟಣವಿತ್ತು.

“ಶಂಭು, ವಿಲಾಯತಿ ಕುದುರಿಗೋಳು ಇದನ್ನ ತಿಂತಾವು. ನನ್ನ ಬಿಪಿ ಇಳಿಸಿದ್ದೂ ಇದ. ಶಕ್ತಿಗೆ ಶಕ್ತಿ, ಶಾಂತಿಗೆ ಶಾಂತಿ. ನೀರಾಗ ನೆನಸು. ಮೊದಲ ನೀ ಎರಡು ತುತ್ತು ತಿಂದು ತೋರಸು.”

“ಸರ್, ಈಗ ತಾನ ಹುರಳಿ…”

“ವಾದ ಮಾಡಬ್ಯಾಡ.”

ಗೋಡೆಗೆ ಹಚ್ಚುವ ಅಂಟಿನಂತಿದ್ದ ಅದನ್ನೂ ಶಂಭುಲಿಂಗ ನುಂಗಿದ. ಸರದಾರ ಈ ಸಲ ಮೂಸಲೂ ಇಲ್ಲ. ಮಾಸ್ತರರು ಮಾತ್ರ ಸೋಲೊಪ್ಪಲಿಲ್ಲ. ಅದಕ್ಕೆ ಹಸಿವಾದಾಗ ತಿನ್ನಿಸಬಹುದು ಎಂದು ಪೊಟ್ಟಣ ಹಿಡಿದುಕೊಂಡೇ ಮೇಡ್ಲೇರಿಗೆ ಹೊರಟರು.

ಬಾಡಿಗೆಗೆ ಹೇಳಿದ್ದ, ಅದೇ ಓಣಿಯ ಹುಡುಗ ತೌಹೀದನ ಮಿನಿ ಲಾರಿ ಬಂತು. ಓಟದ ಹಗುರ ಗಾಡಿಯನ್ನು ಹಿಂದಿನ ದಿನವೇ ಕಳಿಸಿಯಾಗಿತ್ತು. ಮುಂದೆ ತೌಹೀದ, ನಿರ್ಮಲಾ, ಮಾಸ್ತರರು ಕೂತರು. ಹಿಂದೆ ಸರದಾರ ಮತ್ತು ಶಂಭುಲಿಂಗ ನಿಂತರು. ಕುದುರೆಗೆ ಕೆಳಗೆ ಮೆತ್ತಗೆ ಹುಲ್ಲು ಹಾಸಿದ್ದರು. ಶಂಭುಲಿಂಗನ ಮಟ್ಟಿಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಇತ್ತು.

ಅವನಿಗಿದ್ದ ಒಂದೇ ಸಮಾಧಾನವೆಂದರೆ ಸರಳಿಗೆ ನೇತುಹಾಕಿದ್ದ ಬುತ್ತಿ. ಬಿಳಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ. ಮೋಟೆಬೆನ್ನೂರು ದಾಟಿದ ಮೇಲೆ ತಿಂದರಾಯಿತೆಂದು ಅವನು ಒಂದು ಗಳಿಗೆ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಬುತ್ತಿಯ ಬಟ್ಟೆ ಸರದಾರನ ಬಾಯಿಂದ ಜೋತಾಡುತ್ತಿತ್ತು. ರೊಟ್ಟಿ ಹೋಗಿತ್ತು. ಬದನೆಕಾಯಿ ಮಾತ್ರ ಅವನ ಚಪ್ಪಲಿಯ ಮೇಲೆ ಬಿದ್ದಿತ್ತು.

“ಹೊಸದು ತಿನ್ನಂಗಿಲ್ಲ ಅಂತಿದ್ದೆಲ್ಲೋ ಹಡಬಿಟ್ಟಿ!” ಎಂದ ಶಂಭುಲಿಂಗ. ಮರುಕ್ಷಣವೇ ಅವನಿಗೆ ಹೊಳೆಯಿತು, ತಾನು ರೊಟ್ಟಿ ತಿನ್ನುವುದನ್ನು ಅದು ಹುಟ್ಟಿದಾಗಿನಿಂದ ನೋಡಿದೆ. ಬಯ್ಯಲು ಇನ್ನೇನೂ ಉಳಿಯಲಿಲ್ಲ.

ರಾಣೆಬೆನ್ನೂರಿನಲ್ಲಿ ತೌಹೀದ ಒಂದು ಮೇವಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಅವನಿಗೂ ಒಂದು ಉಪಾಯ ಹೊಳೆದಿತ್ತು.

“ಕಾಕಾ, ನಿಮ್ಮ ಎಣ್ಣಿ ಹಳೇದು ಇರಬೇಕು, ಅದಕ್ಕ ಮೂಸಿ ಬಿಟ್ಟೈತಿ. ಇಲ್ಲಿ ಗಾಣದ ಎಣ್ಣಿ ಸಿಗತೈತಿ. ಹೊಸ ಬೂಸಾದಾಗ ಕಲಸೂಣು.”

ಕಲಸಿದರು. ಶಂಭುಲಿಂಗ ಲಾರಿಯ ಹಿಂದೆ ನಿಂತು ತಿಂದು ತೋರಿಸಿದ. ಖರೇ ಹೇಳಬೇಕೆಂದರೆ ಅವನಿಗೆ ಈಗ ಹಸಿವೂ ಆಗಿತ್ತು. ಎರಡು ತುತ್ತಿನ ಬದಲು ನಾಲ್ಕು ತಿಂದ. ಅದೇ ಹೊತ್ತಿಗೆ ಕೋಲ್ಡ್ ಸ್ಟೋರೇಜಿಗೆ ಬರುವ ಮೆಣಸಿನಕಾಯಿ ದಲಾಲರೊಬ್ಬರು ಬೈಕ್ ನಿಲ್ಲಿಸಿ ನೋಡಿದರು. ಕುದುರೆ ಸುಮ್ಮನೆ ನಿಂತಿದೆ, ಪರಿಚಯದ ಮನುಷ್ಯ ಬಕೆಟ್ಟಿಗೆ ಕೈ ಹಾಕಿ ತಿನ್ನುತ್ತಿದ್ದಾನೆ.

“ಏನ್ ಶಂಭಣ್ಣ, ಮನ್ಯಾಗ ಜಗಳ ಆಗೈತೇನು?”

“ಇಲ್ರಿ ಸಾಹುಕಾರ್ರ, ಕುದುರಿಗೆ ತಿನ್ನಸಾಕತ್ತೇನ್ರಿ.”

ಅವರು ಬಕೆಟ್ಟನ್ನೂ ಕುದುರೆಯನ್ನೂ ಒಂದೊಂದು ಸಲ ನೋಡಿ, ಬೈಕ್ ಚಾಲೂ ಮಾಡಿಕೊಂಡು ಹೋದರು. ಸೋಮವಾರ ಇಡೀ ಮಾರ್ಕೆಟ್ಟಿಗೆ ಇದು ಗೊತ್ತಾಗುತ್ತದೆ ಎಂದು ಶಂಭುಲಿಂಗನಿಗೆ ತಿಳಿಯಿತು. ಚಿಂತೆ ಮಾಡಲೂ ಅವನಿಗೆ ತ್ರಾಣವಿರಲಿಲ್ಲ.

ಮೇಡ್ಲೇರಿ ಮುಟ್ಟಿದಾಗ ರಸ್ತೆಯ ಎರಡೂ ಕಡೆ ಜನ ಜಮಾಯಿಸಿದ್ದರು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ವಿಜಯಮಹಾಂತೇಶ ಆಗಲೇ ಬಂದು ನಿಂತಿದ್ದ. ಅವನ ಹೆಗಲ ಮೇಲೆ ಕುದುರೆಯ ಬೆನ್ನಿಗೆ ಹೊದಿಸುವ, ಕನ್ನಡಿ ಹೊಲಿದ ಕೆಂಪು ಜೂಲು, ಕೈಯಲ್ಲಿ ಜರಿಯ ತುರಾಯಿ.

“ಮಾಮಾ, ಅಳತಿ ನೋಡೂಣು ಅಂತ ತಂದೇನಿ. ತಪ್ಪು ತಿಳ್ಕೊಬ್ಯಾಡ್ರಿ. ಬರೂ ಗುರುವಾರ ಒಂದು ಮದವಿ ಒಪಗೊಂಡೇನಿ.”

ಶಂಭುಲಿಂಗ ಆ ಜೂಲನ್ನು ನೋಡಿದ. ಬೇರೆ ದಿನವಾಗಿದ್ದರೆ ಅವನ ಕೈಕಾಲು ನಡುಗುತ್ತಿದ್ದವು. ಇಂದು ಹೊಟ್ಟೆಯೊಳಗೆ ಹುರುಳಿ, ಓಟ್ಸ್, ಬೂಸಾ, ಎಣ್ಣೆ ಒಂದರ ಮೇಲೊಂದು ಕೂತಿದ್ದವು. ಅವನು ಒಂದು ದೊಡ್ಡ ತೇಗು ತೇಗಿ, “ಆಗಲಿ ಬಿಡಪಾ,” ಎಂದ. ಎದೆಯೊಳಗೆ ಸಂಕಟವೇನೋ ಇತ್ತು. ಅದು ಮೇಲೇರಿ ಬರಲು ಜಾಗವಿರಲಿಲ್ಲ.

ಗಾಡಿ ಹೂಡಿ ಸಾಲಿನಲ್ಲಿ ನಿಂತರು. ಹಲಗೆ ಬಾರಿಸುವವರು ಜೋರು ಮಾಡಿದರು. ಅಕ್ಕಪಕ್ಕದ ಕುದುರೆಗಳು ಕಾಲು ಕೆದರುತ್ತಿದ್ದವು. ಕಲ್ಲೇಶ ಪಂಚರ ಮೇಜನ್ನು ಈ ಸಲ ಗಿಡದ ಹಿಂದೆ ಹಾಕಿಸಿದ್ದ. ನಿರ್ಮಲಾ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ನಿಂತಿದ್ದಳು. ಕೊಟ್ಟುಬಿಡುವ ಮಾತಾಡಿದವಳೂ ಅವಳೇ, ದಿನಾ ಕುದುರೆಯ ಮೈ ತಿಕ್ಕುವವಳೂ ಅವಳೇ.

ಶಂಭುಲಿಂಗ ಗಾಡಿಯ ಮೇಲೆ ಜೋಳದ ಚೀಲದಂತೆ ಕೂತಿದ್ದ. ಲಗಾಮು ಕೈಯಲ್ಲಿ ಸಡಿಲವಾಗಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಸರದಾರ ಒಮ್ಮೆ ಹಿಂದೆ ತಿರುಗಿ ಅವನನ್ನು ನೋಡಿತು. ಆಮೇಲೆ ಮುಂದೆ ತಿರುಗಿ, ನೆಟ್ಟ ಕಂಬದಂತೆ ನಿಂತಿತು.

ನಿಶಾನಿ ಬಿತ್ತು. ಶಂಭುಲಿಂಗ “ಹ್ಞೂಂ, ನಡಿಯಪಾ,” ಎಂದ. ಸರದಾರ ಹೊರಟಿತು. ಹೊರಟದ್ದು ಹೇಗೆಂದರೆ, ಊರ ತುದಿಯ ಬೇವಿನ ಗಿಡ ಸುತ್ತಿ ಅದು ತಿರುಗಿ ಬರುವಾಗ ಉಳಿದವರು ಇನ್ನೂ ಹೋಗುತ್ತಲೇ ಇದ್ದರು. ಗೆದ್ದಿತು. ಶಂಭುಲಿಂಗ ಅದರ ಕೊರಳಿಗೆ ಬಿದ್ದು, ನಾಚಿಕೆ ಬಿಟ್ಟು ಅತ್ತ. ವಿಜಯಮಹಾಂತೇಶ ಜೂಲನ್ನು ಮಡಿಚಿಕೊಂಡು ಗುರುವಾರಕ್ಕೆ ಬೇರೆ ಕುದುರೆ ಹುಡುಕಲು ಫೋನು ಹಚ್ಚಿದ.

ಆಮೇಲೆ ಜಗಳ ಶುರುವಾಯಿತು.

“ನೋಡಿದ್ರಿಲ್ಲೋ ನನ್ನ ಓಟ್ಸಿನ ಕರಾಮತಿ?” ಎಂದರು ಮಾಸ್ತರರು.

“ಓಟ್ಸ್ ಅಲ್ರಿ ಸರ್, ಗಾಣದ ಎಣ್ಣಿ,” ಎಂದ ತೌಹೀದ.

ಸುದ್ದಿ ತಿಳಿಸಲು ನಿರ್ಮಲಾ ಫೋನು ಹಚ್ಚಿದರೆ ಭರಮವ್ವ ಅದರಲ್ಲೇ, “ನನ್ನ ಹುರಳಿ ಅಂತ ಎಲ್ಲಾರಿಗೂ ಹೇಳ್ರಿ,” ಎಂದು ಕೂಗಿದಳು.

ಕಲ್ಲೇಶನಿಗೂ ಕುತೂಹಲ. “ಶಂಭಣ್ಣ, ಕುದುರಿ ಖರೇನ ಏನ್ ತಿಂದೈತಿ ಹೇಳು. ನಮ್ಮವ್ಕೂ ಹಾಕೂಣು.”

ಗೆದ್ದ ಖುಷಿಯಲ್ಲಿದ್ದ ಶಂಭುಲಿಂಗ ಆ ಹೊತ್ತಿಗೆ ಏನಾದರೂ ಒಂದು ಹೆಸರು ಹೇಳಿ ಸುಮ್ಮನಿರಬಹುದಿತ್ತು. ಅವನು ಖರೇ ಹೇಳಿದ. “ಏನೂ ತಿಂದಿಲ್ಲ. ಬರೇ ಹುಲ್ಲು, ಮತ್ತ ನನ್ನ ರೊಟ್ಟಿ. ಉಳದದ್ದೆಲ್ಲಾ ನಾನ ತಿಂದೇನಿ.”

ಮಾಸ್ತರರು ತಮ್ಮ ಪೊಟ್ಟಣದ ಕಡೆ ನೋಡಿದರು, ತೌಹೀದ ಎಣ್ಣೆಯ ಡಬ್ಬಿಯ ಕಡೆ ನೋಡಿದ. ಹಲಗೆಯವರೂ ಬಾರಿಸುವುದನ್ನು ನಿಲ್ಲಿಸಿದರು. ನಿರ್ಮಲಾ ಮಾತ್ರ ಗಂಡನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು.

“ಹೌದಲ್ಲಾ! ಹೋದ ವರ್ಷ ಗಾಡಿ ಮ್ಯಾಲೆ ಕುಂತು ಗಡಗಡ ನಡಗಿ ಲಗಾಮು ಜಗ್ಗಿದವರು ಇವರ. ಕುದುರಿ ಅಂಜಿ ಓಡಿತ್ತು. ಇವತ್ತ ಇವರು ಬಸವಣ್ಣನಂಗ ಕುಂತಿದ್ರು, ಅದೂ ನಿಂತಿತ್ತು.”

“ಅಂದ್ರ ಮೇವು ಬೇಕಾಗಿದ್ದು ಗಾಡಿ ಹೊಡ್ಯಾವಂಗ,” ಎಂದ ಕಲ್ಲೇಶ. ಮಾಸ್ತರರು ಓಟ್ಸ್ ಪೊಟ್ಟಣವನ್ನು ನಿರ್ಮಲಾಳ ಕೈಗೆ ಕೊಟ್ಟರು. ತೌಹೀದ ಎಣ್ಣೆಯ ಡಬ್ಬಿ ಕೊಟ್ಟ. ಶಂಭುಲಿಂಗ ಇದನ್ನು ನೋಡಿದ. ಆದರೆ ಸರದಾರ ತನ್ನಲ್ಲೇ ಉಳಿದ ಸಂತೋಷದಲ್ಲಿ ಅದರ ಅರ್ಥ ಅವನ ತಲೆಗೆ ಹೋಗಲಿಲ್ಲ.

ಕತ್ತಲಾದ ಮೇಲೆ ಬ್ಯಾಡಗಿ ಮುಟ್ಟಿದರು. ಸರದಾರನನ್ನು ಅಂಗಳದಲ್ಲಿ ಕಟ್ಟಿ, ಕಾಲು ಮುಖ ತೊಳೆದು, ಶಂಭುಲಿಂಗ ಕಟ್ಟೆಯ ಮೇಲೆ ಕೂತ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಎಣ್ಣೆಗಾಯಿ ಒಗ್ಗರಣೆಯ ವಾಸನೆ ಬಂತು. ದಿನವಿಡೀ ಪಟ್ಟ ಪಾಡೆಲ್ಲ ಈ ಒಂದು ಊಟಕ್ಕೆ ಸಾರ್ಥಕವಾಯಿತೆಂದು ಅವನಿಗೆ ಅನಿಸಿತು.

ನಿರ್ಮಲಾ ಎರಡು ತಾಟು ಹಿಡಿದುಕೊಂಡು ಬಂದಳು. ಬಿಸಿ ರೊಟ್ಟಿಯ ತಾಟು ಅವನನ್ನು ದಾಟಿಕೊಂಡು ಅಂಗಳಕ್ಕೆ ಹೋಯಿತು. ಅವನ ಮುಂದೆ ಬಂದು ಕೂತದ್ದು ಇನ್ನೊಂದು. ಕುದಿಸಿದ ಹುರುಳಿ, ನೆನೆಸಿದ ಓಟ್ಸ್, ಮೇಲೆ ಹೊಳೆಯುವಂತೆ ಗಾಣದ ಎಣ್ಣೆ ಕಲಸಿದ ಬೂಸಾ.

“ನಿರ್ಮಲಾ, ಇದೇನ?”

“ಮುಂದಿನ ತಿಂಗಳ ಕರ್ಜಗಿ ಪಂದ್ಯ ಐತೆಲ್ರಿ. ಡಾಕ್ಟರ್ ಬಾಯಾರು ಏನ್ ಹೇಳ್ಯಾರು? ಒಮ್ಮಿಗೇ ಬದಲಿ ಮಾಡಬಾರದು, ದಿನಾ ಚೂರುಚೂರು. ಇವತ್ತಿಂದನ ಸುರು ಮಾಡ್ರಿ.”

ಶಂಭುಲಿಂಗ ಕೊನೆಯ ಅಸ್ತ್ರ ಬಿಟ್ಟ. “ಆ ಬಿಸಿ ರೊಟ್ಟಿ ನಾ ಒಂದು ತುತ್ತು ತಿಂದು ತೋರಸದ ಸರದಾರ ಮುಟ್ಟಂಗಿಲ್ಲಲ್ಲಾ. ತಾ ಇಲ್ಲೆ, ಒಂದ ತುತ್ತು.”

ಅವನು ಅಂಗಳದ ಕಡೆ ನೋಡಿದ. ತಾಟು ಖಾಲಿಯಾಗಿತ್ತು. ಸರದಾರ ಈ ಸಲ ಎಣ್ಣೆಗಾಯಿಯನ್ನೂ ಬಿಟ್ಟಿರಲಿಲ್ಲ. ಮೂತಿ ನೆಕ್ಕಿಕೊಂಡು, ಕಟ್ಟೆಯ ಮೇಲಕ್ಕೆ ಕತ್ತು ಚಾಚಿ ಅವನ ತಾಟನ್ನು ಒಮ್ಮೆ ಮೂಸಿತು. ಆಮೇಲೆ ಅವನು ಮೊದಲ ತುತ್ತು ಎತ್ತುವುದನ್ನೇ ನೋಡುತ್ತ ಸಮಾಧಾನದಿಂದ ನಿಂತಿತು.